ನಾಲ್ಕು ಹನಿ ನೀಲಿ

ಅಮರಯ್ಯನಿಗೆ ಹೆಂಡತಿಯ ಮೇಲೆ ಹೊಟ್ಟೆಕಿಚ್ಚು ಹುಟ್ಟಿದ್ದು ಒಂದು ಬಾತ್‌ರೂಮಿನಲ್ಲಿ. ಕೇಳಿದವರು ನಗಬಹುದು. ದಾಯಾದಿಯ ಮೇಲೆ, ನೆರೆಯವನ ಮೇಲೆ ಹೊಟ್ಟೆ ಉರಿಯುವುದು ಲೋಕರೂಢಿ. ಹತ್ತೊಂಬತ್ತು ವರ್ಷ ಒಂದೇ ತಾಟಿನ ಮುಂದೆ ಕೂತು ರೊಟ್ಟಿ ತಿಂದವಳ ಮೇಲೆ ಉರಿದರೆ ಅದನ್ನು ಯಾರ ಮುಂದೆ ಹೇಳಿಕೊಳ್ಳುವುದು?

ಯಾದಗಿರಿ ಕಡೆಯ ಅಮರಯ್ಯ ಕೆಲಸ ಹುಡುಕಿಕೊಂಡು ಪಟ್ಟಣಕ್ಕೆ ಬಂದು ಕಾಚಿಗೂಡ ಸ್ಟೇಷನ್ನಿನಲ್ಲಿ ಇಳಿದು ಇಪ್ಪತ್ನಾಲ್ಕು ವರ್ಷವಾಗಿತ್ತು. ಬಣ್ಣದ ಮೇಸ್ತ್ರಿ ಸಾಬಣ್ಣನ ಕೈಕೆಳಗೆ ಸೇರಿ ಎರಡು ವರ್ಷ ಬರೀ ಹಳೇ ಗೋಡೆ ಕೆರೆದ. ಆಮೇಲೆ ಬ್ರಶ್ ಹಿಡಿದ. ಕೊನೆಗೆ ಬಣ್ಣ ಕಲಸುವುದನ್ನು ಕಲಿತ. ಈ ಕಸುಬಿನಲ್ಲಿ ದೊಡ್ಡಸ್ತಿಕೆ ಇರುವುದೇ ಕಲಸುವುದರಲ್ಲಿ. ಈಗ ಅಂಗಡಿಗಳಲ್ಲಿ ಯಂತ್ರ ಕೂತಿದೆ, ನಂಬರು ಹೇಳಿದರೆ ಕಲಸಿದ ಡಬ್ಬಿ ಕೈಗೆ ಬರುತ್ತದೆ. ಆ ಯಂತ್ರ ಕಂಡರೆ ಅಮರಯ್ಯನಿಗೆ ಆಗುತ್ತಿರಲಿಲ್ಲ. ಅವನು ಬಿಳಿ ಬಣ್ಣದ ಬಕೆಟ್ಟಿಗೆ ಸಣ್ಣ ಸೀಸೆಗಳಿಂದ ಹನಿ ಹನಿ ಬಿಟ್ಟು, ಕೋಲಿನಿಂದ ತಿರುವಿ, ಬಿಸಿಲಿಗೆ ಹಿಡಿದು ನೋಡುತ್ತಿದ್ದ. ಮೇಸ್ತ್ರಿ ಸಾಬಣ್ಣ ಅವನಿಗೆ ಬಿಟ್ಟುಹೋದ ಆಸ್ತಿ ಒಂದೇ ಮಾತು: ನೀಲಿ ಇಲ್ಲದ ಬಿಳಿ ಬಿಳಿಯೇ ಅಲ್ಲ. ಊರಿನಲ್ಲಿ ಸುಣ್ಣಕ್ಕೆ ಚಿಟಿಕೆ ನೀಲಿ ಬೆರೆಸಿದರೆ ಮಣ್ಣಿನ ಗೋಡೆಯೂ ಬೆಳ್ಳಗೆ ಹೊಳೆಯುತ್ತಿತ್ತಲ್ಲ, ಅದೇ ಲೆಕ್ಕ. ಯಾವ ತಿಳಿ ಬಣ್ಣವೇ ಇರಲಿ, ಕೊನೆಗೆ ನಾಲ್ಕು ಹನಿ ನೀಲಿ ಬಿಡದಿದ್ದರೆ ಅಮರಯ್ಯನಿಗೆ ಕೆಲಸ ಮುಗಿಯಿತು ಅನ್ನಿಸುತ್ತಿರಲಿಲ್ಲ.

ಹೆಂಡತಿ ಸುಗಲಮ್ಮ ಎಂಟು ವರ್ಷದಿಂದ ಅವನ ಜೊತೆಗೇ ಕೆಲಸಕ್ಕೆ ಬರುತ್ತಿದ್ದಳು. ಪುಟ್ಟಿ ಹಚ್ಚಿ ಸಮ ಮಾಡಿದ ಗೋಡೆಯನ್ನು ಪಾಲಿಶ್ ಪೇಪರಿನಿಂದ ತಿಕ್ಕುವುದು, ನೆಲದ ಮೇಲಿನ ಕಲೆ ಒರೆಸುವುದು ಅವಳ ಪಾಲು. ಬಣ್ಣದ ವಿಷಯದಲ್ಲಿ ಅವಳ ಬಾಯಿಂದ ಒಂದು ಮಾತೂ ಬಂದಿರಲಿಲ್ಲ. ಯಾರೂ ಕೇಳಿರಲಿಲ್ಲ.

ಕೇಳಿದವಳು ಸ್ನೇಹಲತಾ. ವಿಜಯಪುರದ ಕಡೆಯ ಹೆಣ್ಣುಮಗಳು, ಕಂಪನಿ ಕೆಲಸ, ಮಣಿಕೊಂಡದಲ್ಲಿ ಹೊಸ ಫ್ಲ್ಯಾಟು. ಬಾತ್‌ರೂಮಿನಲ್ಲಿ ಬೇಸಿನ್ನಿನ ಕೆಳಗೂ ಕನ್ನಡಿಯ ಎರಡು ಬದಿಗೂ ಬಿಳಿ ಕಪಾಟು ಮಾಡಿಸಿದ್ದಳು. ಅದರ ಮೇಲೆ ಅವಳಿಗೆ ಎಂಥ ಪ್ರೀತಿ ಎಂದರೆ, ಬಂದವರಿಗೆ ನೀರು ಕೊಡುವ ಮೊದಲೇ ಬಾತ್‌ರೂಮು ತೋರಿಸುತ್ತಿದ್ದಳು. ಉಳಿದದ್ದು ಗೋಡೆಯ ಬಣ್ಣ. ಅಮರಯ್ಯ ಶೇಡ್ ಕಾರ್ಡನ್ನು ಬಾಲ್ಕನಿಯ ಬಿಸಿಲಿನಲ್ಲಿ ಹಿಡಿದು ಮೂರು ಬಣ್ಣ ಆರಿಸಿದ. ತಿಳಿ ಆಕಾಶ, ತಿಳಿ ಬೂದಿ, ಆಮೇಲೆ ತನ್ನ ಹೆಸರುವಾಸಿ ಹಾಲುಬಿಳಿ. ಮೂರನ್ನೂ ಗೋಡೆಯ ಮೇಲೆ ಅಂಗೈ ಅಗಲ ಬಳಿದು ತೋರಿಸಿದ. ಸ್ನೇಹಲತಾ ಮೂರಕ್ಕೂ ಮುಖ ಸಿಂಡರಿಸಿದಳು.

"ಯಾಕೋ ಕಪಾಟು ಹಳೇದು ಇದ್ದಂಗ ಕಾಣಾಕತ್ತೈತಿ, ಅಮರಯ್ಯ."

"ಒಣಗಿದ ಮ್ಯಾಲ ಸರಿ ಹೋಗತೈತ್ರಿ ಅಕ್ಕಾರ."

"ಒಣಗಿ ಎರಡು ದಿನ ಆತಲ್ಲ!" ಎಂದವಳು ನೆಲ ಒರೆಸುತ್ತಿದ್ದ ಸುಗಲಮ್ಮನ ಕಡೆ ಸುಮ್ಮನೆ ತಿರುಗಿದಳು. "ನಿನಗೇನು ಅನಸ್ತದ, ಹೇಳು."

ಸುಗಲಮ್ಮ ಗಂಡನ ಮುಖ ನೋಡಿದಳು. ಆಮೇಲೆ ಎದ್ದು, ಕೈ ಒರೆಸಿಕೊಂಡು, ಕಪಾಟಿನ ಬಾಗಿಲು ತೆರೆದು ಮುಟ್ಟಿ ನೋಡಿದಳು.

"ಇದು ಸುಣ್ಣದ ಬಿಳಿ ಅಲ್ರಿ ಅಕ್ಕಾರ, ಕೆನಿ ಬಿಳಿ. ಬಾಜೂಕ ನೀಲಿ ಇರೋ ಬಣ್ಣ ಬಂದ್ರ ಇದು ಹಳದಿ ಆಗಿ ಕಾಣತೈತಿ. ಇಲ್ಲಿ ಬಿಸಲೂ ಇಲ್ಲ, ದೀಪದ ಬೆಳಕು ಅಷ್ಟಾ. ಮಾಗಾಕ ಬಂದ ಬಾರೆಕಾಯಿ ಇರತೈತಲ್ರಿ, ಆ ಹಸರಿಗೆ ಭಾಳಷ್ಟು ಹಾಲು ಹಾಕಿದಂಥಾ ಬಣ್ಣ ಹಚ್ಚಿ ನೋಡ್ರಿ."

ಅಮರಯ್ಯ ಗೊಣಗುತ್ತ ಅಂಗೈ ಅಗಲ ಬಳಿದ. ಅದು ಒಣಗುತ್ತಿದ್ದಂತೆ ಕಪಾಟು ಆಗಷ್ಟೇ ತೊಳೆದಿಟ್ಟಂತೆ ಎದ್ದು ಕಂಡಿತು. ಸ್ನೇಹಲತಾ ಕೈತಟ್ಟಿ, ಮೇಲಿನ ಫ್ಲ್ಯಾಟಿನ ಹರ್ಷದಾಳಿಗೆ ಅಲ್ಲಿಂದಲೇ ಫೋನು ಹಚ್ಚಿದಳು. "ಎಂಥಾ ಕಣ್ಣು ಅಂತೀ ಈಕಿದು! ನಿಮ್ಮ ಮನಿ ಬಣ್ಣ ಮಾಡಸ್ತೀ ಅಂದ್ಯಲ್ಲ, ಈಕಿನ್ನ ಕೇಳಿ ಮಾಡಸು."

ಅಮರಯ್ಯ ಎರಡು ಮಾರು ದೂರದಲ್ಲೇ ನಿಂತಿದ್ದ. ಆ ಫೋನಿನಲ್ಲಿ ಅವನ ಹೆಸರು ಬರಲಿಲ್ಲ.

ಸಂಜೆ ಮನೆಗೆ ಬರುವಷ್ಟರಲ್ಲಿ ಪಕ್ಕದ ಕೋಣೆಯ ಗುರುಶಾಂತನಿಗೆ ಸುದ್ದಿ ಮುಟ್ಟಿತ್ತು. ಅವನೂ ಬಣ್ಣದವನೇ. "ಏನಪಾ, ಮೂಗಿಗಿಂತ ಮೂಗುತಿನ ಭಾರ ಆತಂತಲ್ಲ! ಇನ್ನ ಸುಗಲಮ್ಮ ಮೇಸ್ತ್ರಿ ಅನ್ನಬೇಕೇನು?" ಎಂದು ನಕ್ಕ. ಅಮರಯ್ಯನೂ ನಕ್ಕು, ಒಳಗೆ ಹೋಗಿ ಬಾಗಿಲು ಎಳೆದುಕೊಂಡ. ಕಾಮಾಲೆ ಕಣ್ಣಿಗೆ ಕಂಡದ್ದೆಲ್ಲ ಹಳದಿ ಅನ್ನುತ್ತಾರೆ. ಅವಳು ರೊಟ್ಟಿ ಬಡಿಯುವ ಸದ್ದಿನಲ್ಲೂ ಅವನಿಗೆ ಜಂಬ ಕೇಳಿಸಿತು. ಅವಳು ಸುಮ್ಮನಿದ್ದರೆ ಅದೂ ಜಂಬವೇ. ಇಪ್ಪತ್ನಾಲ್ಕು ವರ್ಷ ತಾನು ಗೋಡೆಗಳ ಮುಂದೆ ಸವೆಸಿದ ಕಣ್ಣು ಒಂದು ಕಡೆ, ನೆಲ ಒರೆಸುತ್ತ ಕದ್ದು ಕಲಿತ ಕಣ್ಣು ಒಂದು ಕಡೆ! ಇವಳಿಗೆ ಇಷ್ಟು ಗೊತ್ತಿತ್ತಾ? ಗೊತ್ತಿದ್ದೂ ಎಂಟು ವರ್ಷ ಬಾಯಿ ಮುಚ್ಚಿಕೊಂಡಿದ್ದಳಾ? ಅದೇ ಅವನಿಗೆ ಎಲ್ಲಕ್ಕಿಂತ ಹೆಚ್ಚು ಚುಚ್ಚಿತು. ಮೇಲಿನ ಮನೆಯವರು ಅವಳನ್ನೇ ಕರೆದರೆ, ಆಮೇಲೆ ಇಡೀ ಮಣಿಕೊಂಡದಲ್ಲಿ ತಾನು ಸುಗಲಮ್ಮನ ಬ್ರಶ್ ಹಿಡಿಯುವವನು.

ಮರುದಿನ ಬೆಳಿಗ್ಗೆ ಅವಳು ಹೇಳಿದ ಹಾಗೇ ಬಣ್ಣ ಕಲಸಿದ. ಅವಳು ಬಗ್ಗಿ ನೋಡಿ "ಬರೋಬ್ಬರಿ ಆತ್ರಿ" ಎಂದು ಬಾಲ್ಕನಿಗೆ ಒರೆಸುವ ಬಟ್ಟೆ ತೊಳೆಯಲು ಹೋದಳು. ಅವಳ ಬೆನ್ನು ಮರೆಯಾಗುತ್ತಲೇ ಅಮರಯ್ಯನ ಕೈ ನೀಲಿ ಸೀಸೆಗೆ ಹೋಯಿತು. ಕಸುಬಿನ ನೇಮ, ಸಾಬಣ್ಣನ ಮಾತು ಎಂದು ತನಗೆ ತಾನೇ ಹೇಳಿಕೊಂಡ. ಸುಳ್ಳು. ಕಪಾಟು ಹಳದಿ ಕಾಣಲಿ ಎಂದೇ ಬಿಟ್ಟ, ನಾಲ್ಕರ ಬದಲು ಎಂಟು ಹನಿ. ಹಸಿ ಬಣ್ಣದಲ್ಲಿ ಗೊತ್ತಾಗುವಂತಿರಲಿಲ್ಲ. ನಾಲ್ಕೂ ಗೋಡೆ ತಾನೇ ಬಳಿದ, ಅವಳನ್ನು ಒಳಗೆ ಬಿಡಲಿಲ್ಲ.

ಮಧ್ಯಾಹ್ನ ಊಟದ ಹೊತ್ತಿಗೆ ಸ್ನೇಹಲತಾ ಹರ್ಷದಾಳನ್ನು ಕರೆದುಕೊಂಡೇ ಬಂದಳು. ದೀಪ ಹಾಕಿದಳು. ಗೋಡೆ ತಣ್ಣಗೆ ನೀಲಿ ತಿರುಗಿತ್ತು, ಕಪಾಟು ಅರಿಸಿನ ನೀರಿನಲ್ಲಿ ಅದ್ದಿದಂತೆ ಕೂತಿತ್ತು.

"ಕಪಾಟು ಯಾರದರ ಹಳೇದು ತಗೊಂಡ್ಯೇನ?" ಎಂದಳು ಹರ್ಷದಾ.

ಸ್ನೇಹಲತಾಳ ಮುಖ ಕೆಂಪಾಯಿತು. "ಸುಗಲಮ್ಮ! ಏನಿದು?"

ಸುಗಲಮ್ಮ ಬಾಗಿಲಲ್ಲಿ ನಿಂತು ಗೋಡೆ ನೋಡಿದಳು, ಬಕೆಟ್ಟು ನೋಡಿದಳು, ಕೊನೆಗೆ ಗಂಡನನ್ನು ನೋಡಿದಳು. ಅವಳ ಕಣ್ಣಿಗೆ ನೀಲಿ ತಪ್ಪೀತೆ? ಅಮರಯ್ಯ ತಲೆ ತಗ್ಗಿಸಿ ಬ್ರಶ್ಶಿನ ಕೂದಲು ಬಿಡಿಸತೊಡಗಿದ.

"ನಂದಾ ತಪ್ಪಾತ್ರಿ ಅಕ್ಕಾರ," ಎಂದಳು ಅವಳು. "ಅವರು ಬ್ಯಾಡ ಅಂದಿದ್ರು. ನಾನಾ ಹಟ ಮಾಡಿದೆ."

ಸ್ನೇಹಲತಾ ನಿಟ್ಟುಸಿರು ಬಿಟ್ಟಳು. "ಹೋಗ್ಲಿ ಬಿಡು. ತಪ್ಪಾತಂತ ಬಾಯಿ ಬಿಟ್ಟು ಹೇಳೂ ಮಂದಿ ಈಗಿನ ಕಾಲದಾಗ ಎಲ್ಲಿ ಸಿಗ್ತಾರ? ನಿನ್ನ ಮನಸು ದೊಡ್ಡದು."

ಅಮರಯ್ಯ ಗೆದ್ದಿದ್ದ. ಮೇಲಿನ ಮನೆಯ ಬಣ್ಣಕ್ಕೆ ಇನ್ನು ಯಾರೂ ಅವಳನ್ನು ಕೇಳುವುದಿಲ್ಲ. ಖುಷಿಯಾಗಬೇಕಿತ್ತು. ಆದರೆ "ದೊಡ್ಡದು" ಎಂಬ ಆ ಮಾತು ಕಿವಿಗೆ ಬಿದ್ದದ್ದೇ ಗಾಯದ ಮೇಲೆ ಬರೆ ಎಳೆದಂತಾಯಿತು. ತಪ್ಪು ಮಾಡಿದವನು ತಾನು, ಅದನ್ನು ಹೊತ್ತು ಹೊಗಳಿಸಿಕೊಳ್ಳುವವಳು ಅವಳು! ತನ್ನದು ಅಂತ ಉಳಿದದ್ದು ಈ ಒಂದು ಕೆಟ್ಟ ಕೆಲಸ, ಅದನ್ನೂ ಅವಳೇ ಕಿತ್ತುಕೊಳ್ಳುವುದೇ? ಒಳ್ಳೆಯವನಾಗಬೇಕು ಎಂಬ ಯೋಚನೆ ಅವನಿಗೆ ಕನಸಿನಲ್ಲೂ ಇರಲಿಲ್ಲ. ತಡೆಯಲಾಗಲಿಲ್ಲ, ಅಷ್ಟೆ.

"ಆಕಿದು ಏನೂ ತಪ್ಪಿಲ್ರಿ!" ಅವನ ದನಿ ಗೋಡೆಗಳಿಗೆ ಬಡಿಯಿತು. "ಆಕಿ ಹೇಳಿದ ಬಣ್ಣ ಸರಿ ಇತ್ತು. ಅದರಾಗ ನೀಲಿ ಹಾಕಿ ಕೆಡಿಸಿದಾಂವ ನಾನು."

"ಯಾಕ?" ಸ್ನೇಹಲತಾಳಿಗೆ ಅರ್ಥವೇ ಆಗಲಿಲ್ಲ.

"ನೀವು ಆಕಿನ್ನ ಕೇಳಿದ್ರಿ." ಅವನು ಬ್ರಶ್ ಕೆಳಗಿಟ್ಟ. "ನಾ ಅಲ್ಲೇ ನಿಂತಿದ್ನಲ್ರಿ, ಅಕ್ಕಾರ."

ಹರ್ಷದಾ ಮೆಲ್ಲಗೆ ಹೊರಗೆ ಹೋದಳು, ಅವಳ ಹಿಂದೆ ಸ್ನೇಹಲತಾ. ಗಂಡಹೆಂಡತಿ ಇಬ್ಬರೇ ಉಳಿದರು. ಅವಳು ಬೈಯಲಿ, ಅಳಲಿ ಎಂದು ಅಮರಯ್ಯ ಕಾದ. ಅವಳು ಅತ್ತರೆ ತಾನು ಸ್ವಲ್ಪವಾದರೂ ಮೇಲಾಗುತ್ತಿದ್ದ. ಸುಗಲಮ್ಮ ಮೂಲೆಯಲ್ಲಿದ್ದ, ಬಿಳಿ ಬಣ್ಣ ತುಂಬಿದ ಹೊಸ ಬಕೆಟ್ಟನ್ನು ಎಳೆದು ತಂದು ಅವನ ಮುಂದಿಟ್ಟಳು.

"ಇನ್ನೊಮ್ಮೆ ಕಲಸ್ರಿ," ಎಂದಳು. "ಈ ಸಲ ನಾ ಇಲ್ಲೇ ನಿಂತಿರ್ತೀನಿ."

ಅವನು ಕುಕ್ಕರುಗಾಲಿನಲ್ಲಿ ಕೂತು ಹಸಿರು ಸೀಸೆ ಬಗ್ಗಿಸಿದ. ಸಾಬಣ್ಣ ಹೋದ ಮೇಲೆ ಅವನು ಕಲಸುವಾಗ ಯಾರೂ ತಲೆಯ ಮೇಲೆ ನಿಂತಿರಲಿಲ್ಲ. ಆರು ಹನಿಗೆ ಕೈ ತಡೆದ. ಇನ್ನೊಂದು ಬೇಕೋ ಬೇಡವೋ ಅವನಿಗೆ ತಿಳಿಯಲಿಲ್ಲ. ಅವಳಿಗೆ ತಿಳಿದಿತ್ತು, ಮತ್ತು ಕೇಳುವ ತನಕ ಅವಳು ಹೇಳುವವಳಲ್ಲ.

"ಸಾಕೇನ?" ಎಂದು ತಲೆ ಎತ್ತದೆ ಕೇಳಿದ.