ಲೆಕ್ಕದ ಹೊರಗಿನ ಆಯಿ

ಶರಣಬಸಮ್ಮನಿಗೆ ಕಾಶಿ ಬೇಸರವಾಗಿದ್ದೂ ಇಲ್ಲ, ಪೂರ್ತಿ ತನ್ನದಾಗಿದ್ದೂ ಇಲ್ಲ. ಸೇಡಂ ಕಡೆಯ ಹುಡುಗಿ, ಇಲ್ಲಿನ ಜಂಗಮವಾಡಿ ಮಠದ ಉಗ್ರಾಣ ನೋಡಿಕೊಳ್ಳುತ್ತಿದ್ದ ಕೊಟ್ಟೂರಯ್ಯನ ಕೈಹಿಡಿದು ಬಂದಿದ್ದಳು. ಮಕ್ಕಳಾಗಲಿಲ್ಲ. ಊರ ಕಡೆಯಿಂದ ಬಂದ ಯಾತ್ರಿಕ ಹೆಂಗಸರು ಚೀಲ ಇಳಿಸುವ ಮುಂಚೆ ಕೇಳುತ್ತಿದ್ದದ್ದು ಅದೊಂದನ್ನೇ. ಕೇಳಿ ಸುಮ್ಮನಿರುತ್ತಿದ್ದರೇ? ಒಬ್ಬೊಬ್ಬರು ಒಂದೊಂದು ಹರಕೆ ಹೇಳಿಕೊಟ್ಟು ಹೋಗುತ್ತಿದ್ದರು. ಕೊಟ್ಟೂರಯ್ಯ ಲಿಂಗೈಕ್ಯನಾದ ಮೇಲೆ ಯಾರೂ ಕೇಳುವುದನ್ನೇ ಬಿಟ್ಟರು. ಅದು ಅವಳಿಗೆ ಇನ್ನೂ ಕಷ್ಟವಾಯಿತು.

ಆಗ ಸಿಕ್ಕಿದವಳು ಗ್ರೀಷ್ಮಾ. ಮೈಸೂರಿನವಳು, ಇಲ್ಲಿಯ ವಿಶ್ವವಿದ್ಯಾಲಯದಲ್ಲಿ ಜೀವವಿಕಾಸ ಪಾಠ ಮಾಡುವವಳು, ಗಂಗೆಯ ದಂಡೆಯ ಶಿವಾಲ ಕೇರಿಯಲ್ಲಿ ಮನೆ. ಕೈಗೂಸನ್ನು ಯಾರ ಹತ್ತಿರ ಬಿಟ್ಟು ಹೋಗುವುದೆಂದು ತಲೆ ಕೆಡಿಸಿಕೊಂಡಿದ್ದವಳಿಗೆ ಕನ್ನಡ ಮಾತಾಡುವ ಹೆಂಗಸು ಸಿಕ್ಕಿದ್ದೇ ದೊಡ್ಡದಾಯಿತು. ಆ ಕೂಸು ಅದಿತಿಗೆ ಈಗ ಎರಡು ದಾಟಿದೆ. ನೆರೆಮನೆಯ ಮಕ್ಕಳೊಂದಿಗೆ ಹಿಂದಿಯಲ್ಲಿ ಜಗಳವಾಡುತ್ತಾಳೆ, ಶರಣಬಸಮ್ಮನನ್ನು ಮಾತ್ರ ‘ಆಯಿ’ ಎನ್ನುತ್ತಾಳೆ. ಸೇಡಂ ಕಡೆ ಆಯಿ ಎಂದರೆ ಅಜ್ಜಿ. ಅದನ್ನು ಕಲಿಸಿದವಳು ಶರಣಬಸಮ್ಮನೇ. ಯಾರನ್ನೂ ಕೇಳದೆ, ಸ್ವಲ್ಪ ಕಳ್ಳತನದಿಂದಲೇ ಕಲಿಸಿದ್ದಳು. ಅರ್ಥ ಗೊತ್ತಾದ ಮೇಲೂ ಗ್ರೀಷ್ಮಾ ಬೇಡವೆಂದಿರಲಿಲ್ಲ.

ಚಳಿಗಾಲಕ್ಕೆ ಗ್ರೀಷ್ಮಾಳ ತಾಯಿ ಕಾಮಾಕ್ಷಿ ಮೈಸೂರಿನಿಂದ ಬಂದರು. ಮೊದಲ ದಿನವೇ ಮೊಮ್ಮಗಳ ಬಾಯಲ್ಲಿ ಆ ಮಾತು ಕೇಳಿ ತಿದ್ದಿದರು. “ಆಯಿ ಅಲ್ಲ ಪುಟ್ಟಿ, ಆಯಾ ಅನ್ನು. ಅವರು ಆಯಾ, ನಾನು ಅಜ್ಜಿ.”

ಕಾಮಾಕ್ಷಿಯ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಅವರ ಊರಿನಲ್ಲಿ ಮಗು ನೋಡಿಕೊಳ್ಳುವವರನ್ನು ಕರೆಯುವುದೇ ಹಾಗೆ. ಶರಣಬಸಮ್ಮ, ಗ್ರೀಷ್ಮಾ ತಿದ್ದುತ್ತಾಳೆಂದು ಕಾದಳು. ಗ್ರೀಷ್ಮಾಳ ಕಣ್ಣು ಮೊಬೈಲಿನಲ್ಲಿತ್ತು. ಶರಣಬಸಮ್ಮನಿಗೆ ಅನಿಸಿತು: ನಿಜವಾದ ಅಜ್ಜಿ ಬಂದಾಯಿತು, ಇನ್ನು ತನ್ನದೇನು ಇಲ್ಲಿ?

ಮಾರನೆಯ ದಿನ ಮಾಳಿಗೆಯ ಮೇಲೆ ಬಿಸಿಲಿಗೆ ಕೂತು ಮೂವರೂ ಬಟಾಣಿ ಸುಲಿಯುತ್ತಿದ್ದಾಗ ಗ್ರೀಷ್ಮಾ ತಾಯಿಯನ್ನು ಉಬ್ಬಿಸಲು ಹೊರಟಳು. “ಮುಟ್ಟು ನಿಂತ ಮೇಲೂ ಹೆಂಗಸರು ಇಷ್ಟು ವರ್ಷ ಯಾಕೆ ಬದುಕ್ತಾರೆ ಗೊತ್ತಾ ಅಮ್ಮಾ? ಅಜ್ಜಿ ನೋಡಿಕೊಂಡ ಮೊಮ್ಮಕ್ಕಳು ಹೆಚ್ಚು ಉಳಿದ್ವಂತೆ. ಹಾಗೆ ಅಜ್ಜಿಯರ ದೀರ್ಘಾಯುಸ್ಸೂ ವಂಶದಲ್ಲಿ ಇಳಿದು ಬಂತು ಅಂತ ಒಂದು ವಾದ. ಅಜ್ಜಿಯರಿಂದಲೇ ಮನುಷ್ಯರು ಮನುಷ್ಯರಾಗಿದ್ದು ಅಂತಾರೆ.”

ಕಾಮಾಕ್ಷಿ ಉಬ್ಬಿಹೋದರು. ಶರಣಬಸಮ್ಮನ ಕೈ ನಿಂತಿತು.

“ಹಂಗಾರ ತಂಗೀ, ಮಕ್ಕಳೇ ಇಲ್ದಾಕಿ ಯಾತಕ್ಕ ಬದುಕ್ತಾಳ?”

ಗ್ರೀಷ್ಮಾಗೆ ಸುಳ್ಳು ಹೇಳಲು ಬರುವುದಿಲ್ಲ. ಅದು ಅವಳ ಗುಣವೂ ಹೌದು, ರೋಗವೂ ಹೌದು. “ಈ ಲೆಕ್ಕಕ್ಕೆ ರಕ್ತಸಂಬಂಧ ಮಾತ್ರ ಬರುತ್ತೆ ಶರಣಬಸಮ್ಮ” ಎಂದಳು. ಆಮೇಲೆ ಅವಸರದಿಂದ ಸೇರಿಸಿದಳು: “ಆದ್ರೆ ಮನುಷ್ಯರ ಮಗು ತಾಯಿ ಒಬ್ಬಳ ಕೈಲೇ ಬೆಳೆಯೋದಲ್ಲ. ಅದಕ್ಕೇ ಅದು ಯಾರು ಎತ್ತಿಕೊಂಡರೂ ನಗೋದು ಕಲಿತು ಬಂದಿದೆ.” ಶರಣಬಸಮ್ಮನ ಕಿವಿಗೆ ಮೊದಲ ಮಾತಷ್ಟೇ ಬಿತ್ತು. ಮಠದಲ್ಲಿ ಕೇಳಿದ ಯಾವ ಹೆಂಗಸೂ ಅವಳನ್ನು ಇಷ್ಟು ನೋಯಿಸಿರಲಿಲ್ಲ.

ವಾರದೊಳಗೆ ಅದಿತಿ ಮೆಟ್ಟಿಲಲ್ಲಿ ಜಾರಿ ಬಿದ್ದಳು. ಮೊಣಕಾಲು ತರಚಿತು, ಕೇರಿಯೆಲ್ಲ ಕೇಳುವಂತೆ ಅತ್ತಳು. ಶರಣಬಸಮ್ಮ ಎರಡೂ ಕೈ ಚಾಚಿ ಓಡಿದಳು. ಮಗು ಅವಳನ್ನು ದಾಟಿಕೊಂಡು ಹೋಗಿ ಕಾಮಾಕ್ಷಿಯ ಸೆರಗು ಹಿಡಿಯಿತು. ಚಾಚಿದ ಕೈ ಎಲ್ಲಿಡಬೇಕೆಂದು ಶರಣಬಸಮ್ಮನಿಗೆ ತಿಳಿಯಲಿಲ್ಲ. ಒಂದು ಗಳಿಗೆ ಆ ಮಗುವಿನ ಮೇಲೆಯೇ ಸಿಟ್ಟು ಬಂತು.

ಎತ್ತಿಕೊಂಡ ಕಾಮಾಕ್ಷಿಯ ಕೊರಳಿಗೆ ಮುಖ ಒತ್ತಿಕೊಂಡು ಅದಿತಿ ಬಿಕ್ಕಿದಳು: “ಆಯೀ... ಆಯೀ...”

“ಅಯ್ಯೋ, ನನ್ನನ್ನೂ ಆಯಾ ಅಂತಾಳಲ್ಲೇ!” ಎಂದರು ಕಾಮಾಕ್ಷಿ.

ಬಾಗಿಲಲ್ಲಿ ನಿಂತಿದ್ದ ಗ್ರೀಷ್ಮಾಗೆ ಈಗ ಜಾರಿಕೊಳ್ಳಲು ದಾರಿಯಿರಲಿಲ್ಲ. “ಇಲ್ಲಮ್ಮಾ. ಇವರ ಕಡೆ ಆಯಿ ಅಂದ್ರೆ ಅಜ್ಜಿ. ಅವಳು ಇವರನ್ನ ಅಜ್ಜಿ ಅಂತಲೇ ಕರೀತಾ ಇದ್ದದ್ದು. ಅವತ್ತೇ ಹೇಳಬೇಕಿತ್ತು ನಾನು.”

ಕಾಮಾಕ್ಷಿಯ ಮುಖ ಕೆಂಪಾಯಿತು. ಶರಣಬಸಮ್ಮ ಮಾತ್ರ ಆ ಪದವನ್ನೇ ಹಿಡಿದು ನಿಂತಿದ್ದಳು. ಅಕ್ಕರೆ ಕಂಡಲ್ಲಿ ಕರೆಯಲು ಮಗುವಿನ ಹತ್ತಿರ ಒಂದು ಮಾತಿತ್ತು, ಆ ಮಾತು ತಾನು ಕೊಟ್ಟದ್ದು. ಹೊಸಬಳಾಗಿ ತಾನು ಬಂದಾಗಲೂ ಈ ಕೂಸು ಹೀಗೆಯೇ ಕೊರಳಿಗೆ ಬಿದ್ದಿತ್ತಲ್ಲವೇ?

“ಹೋಗು ಪುಟ್ಟೀ, ಆ ಆಯಿ ಹತ್ರ ಹೋಗು” ಎಂದು ಕಾಮಾಕ್ಷಿ ಮಗುವನ್ನು ಮುಂದೆ ಚಾಚಿದರು. ಅದಿತಿ ಒಲ್ಲೆನೆಂದು ಅವರ ಕೊರಳನ್ನು ಇನ್ನೂ ಬಿಗಿಯಾಗಿ ತಬ್ಬಿಕೊಂಡಳು.

“ಇರ್ಲಿ ಬಿಡ್ರಿ ಅಕ್ಕಾರೇ” ಎಂದಳು ಶರಣಬಸಮ್ಮ. “ಆಯಿ ಹತ್ರನೇ ಐತಲ್ಲ.”