ಗುಡ್ಡದ ಮೇಲೊಬ್ಬಳು ಕೇಳಲೆಂದು

ಮಾರ್ಚ್ ತಿಂಗಳು, ಇನ್ನೂ ಬೆಳಕು ಹರಿದಿಲ್ಲ. ಕೊಲ್ಲಿಯ ತುಂಬ ತೇಲುಹಿಮ ಬಂದು ನಿಂತಿದೆ. ಗ್ಲೆನ್‌ರೋರಿಯ ಚರ್ಚಿನ ನೆಲಮಾಳಿಗೆಗೆ ಇಳಿದ ಎಫಿ ಗಿಲ್ಲಿಸ್ ಮೊದಲು ಹಳೆಯ ಬಾಯ್ಲರ್‌ಗೆ ಒಂದು ಗುದ್ದು ಕೊಟ್ಟು ಎಬ್ಬಿಸುತ್ತಾರೆ. ಆಮೇಲೆ ಮೇಲೆ ಬಂದು ಮೆಟ್ಟಿಲ ಹಿಮ ಕೆರೆದು ಉಪ್ಪು ಎರಚುತ್ತಾರೆ. ಕೈಗವಸು ಬಿಚ್ಚಿ, ಮೂಗು ಒರೆಸಿಕೊಂಡು, ಬಾಗಿಲ ಪಕ್ಕದಲ್ಲಿ ಕೋಟು ತೂಗುಹಾಕುವ ಕಿರುಕೋಣೆಯೊಳಗೆ ಹೋಗಿ ಕದ ಹಾಕಿಕೊಳ್ಳುತ್ತಾರೆ. ಅವರ ಬಗ್ಗೆ ಪತ್ರಿಕೆಗೆ ಬರೆಯಲು ಬಂದ ನನಗೂ ಇಕ್ಕಟ್ಟಿನಲ್ಲಿ ಒಂದಿಷ್ಟು ಜಾಗ ಮಾಡಿಕೊಟ್ಟಿದ್ದಾರೆ. ನನ್ನ ಮುಖದ ಮೇಲೆ ಯಾರದೋ ಉಣ್ಣೆಯ ತೋಳು ಜೋತಾಡುತ್ತಿದೆ.

“ಸುಮ್ನೆ ಕೂತ್ಕೋ. ಸೀನು ಬಂದ್ರೆ ಆ ನೀಲಿ ಕೋಟಿನೊಳಗೆ ಸೀನು” ಎನ್ನುತ್ತಾರೆ ನನಗೆ. ಆಮೇಲೆ ಶೆಲ್ಫಿನ ಮೇಲಿನ, ದನಿ ಮುದ್ರಿಸಿಡುವ ಫೋನು ಯಂತ್ರದ ಗುಂಡಿ ಒತ್ತಿ, ಅಡುಗೆಮನೆಯಲ್ಲಿ ಎದುರಿಗೆ ಕೂತವರ ಜೊತೆ ಮಾತಾಡುವ ದನಿಯಲ್ಲಿ ಶುರು ಮಾಡುತ್ತಾರೆ: “ನಾನು ಎಫಿ. ಕೈಯಲ್ಲಿ ಟೀ ಇದ್ರೆ ಹಾಗೇ ಕುಡೀತಾ ಕೇಳಿ.”

ಅವತ್ತಿನದು ಬೈಬಲಿನಲ್ಲಿ ಮನೆಬಿಟ್ಟು ಹೋದ ಮಗ ಹಿಂದಿರುಗಿ ಬರುವ ಕತೆ. ಅದನ್ನು ಹೇಳಿ ಮುಗಿಸಿ, ಎಫಿ ಒಂದು ಪ್ರಶ್ನೆ ಕೇಳುತ್ತಾರೆ: “ಅಷ್ಟು ದೂರದಲ್ಲಿರೋವಾಗ್ಲೇ ಅಪ್ಪನ ಕಣ್ಣಿಗೆ ಬಿದ್ದ ಅಂದ್ರೆ, ಆ ಮುದುಕ ದಿನಾ ರಸ್ತೆ ನೋಡ್ತಾ ಇದ್ದ ಅಂತ ಆಯ್ತಲ್ವಾ? ನೀವು ಯಾವ ರಸ್ತೆ ನೋಡ್ತಾ ಇದ್ದೀರಿ?” ಆಮೇಲೆ ಮೌನ. ಮನಸ್ಸಿನಲ್ಲೇ ನಿಧಾನವಾಗಿ ಒಂದು ‘ನಮೋ ಮರಿಯ’ ಪ್ರಾರ್ಥನೆ ಹೇಳಿಕೊಳ್ಳುವಷ್ಟು ಹೊತ್ತು. ತೀರ ಸದ್ದಿಲ್ಲದಿದ್ದರೆ ಈ ಮುದಿ ಯಂತ್ರ ಮಾತು ಮುಗಿಯಿತೆಂದು ತಾನೇ ನಿಂತುಬಿಡುತ್ತದೆ. ಅದಕ್ಕೇ ಎಫಿ ಹತ್ತಿರದ ಕೋಟಿನ ಗುಂಡಿಯನ್ನು ಉಗುರಿನಿಂದ ಮೆಲ್ಲಗೆ ಕೆರೆಯುತ್ತಿರುತ್ತಾರೆ. ಊರಲ್ಲಿ ಆ ಸದ್ದಿಗೆ ‘ಎಫಿಯ ಇಲಿ’ ಎಂದು ಹೆಸರು ಬಿದ್ದಿದೆ.

ಈಸ್ಟರ್‌ಗೆ ಮುಂಚಿನ ತಪಸ್ಸುಕಾಲ ಪೂರ್ತಿ, ಭಾನುವಾರವೊಂದು ಬಿಟ್ಟು ದಿನವೂ, ಈ ಇಲಿ ಕೆರೆಯುತ್ತದೆ. ಚರ್ಚಿನ ನಂಬರಿಗೆ ಫೋನು ಮಾಡಿದವರಿಗೆ ಆ ದಿನದ ಓದು, ಒಂದು ಪ್ರಶ್ನೆ, ಒಂದು ಮೌನ ಸಿಗುತ್ತದೆ. ನಮ್ಮ ಗುಡ್ಡಗಳ ನಡುವೆ ಮೊಬೈಲು ಅನ್ನುವುದು ಹೊತ್ತು ನೋಡುವುದಕ್ಕಷ್ಟೇ ಲಾಯಕ್ಕು. ಹಾಗಾಗಿ ಮನೆಯ ಗೋಡೆಯ ಫೋನಿಗೆ ಇಲ್ಲಿ ಇನ್ನೂ ಮರ್ಯಾದೆ ಉಳಿದಿದೆ. ದಿನಕ್ಕೆ ಎಪ್ಪತ್ತರ ಆಸುಪಾಸು ಕರೆ ಬರುತ್ತವೆ. ಐದು ಚರ್ಚುಗಳ ನಡುವೆ ಹಿಮದಲ್ಲಿ ಕಾರು ಓಡಿಸಿ ಬೇಸತ್ತಿರುವ ಫಾದರ್ ಒಬಿನ್ನ ಅವರ ಮಾತಲ್ಲೇ ಹೇಳಬೇಕೆಂದರೆ, “ನನ್ನ ಉಪದೇಶಕ್ಕೆ ಬರೋರು ಇಪ್ಪತ್ತು ಜನ, ಎಫಿಯ ಇಲಿಗೆ ಎಪ್ಪತ್ತು ಜನ. ನಾನೂ ಒಂದು ಇಲಿ ಸಾಕೋಣ ಅಂತಿದ್ದೀನಿ.”

ಎಪ್ಪತ್ತು ದಾಟಿದ ಎಫಿ ಈ ಚರ್ಚಿನ ಕಸ ಗುಡಿಸುವವರು, ಬಾಯ್ಲರ್ ನೋಡಿಕೊಳ್ಳುವವರು. ಅವರಿಗೆ ಸಂಬಳ ಬರುವುದು ಅದಕ್ಕೆ. ಓದುವುದಕ್ಕೆ ಯಾರೂ ಏನೂ ಕೊಡುವುದಿಲ್ಲ, ಅವರು ಕೇಳಿದ್ದೂ ಇಲ್ಲ. ಮೊದಲು ಓದುತ್ತಿದ್ದವರು ಹಿಂದಿನ ಪಾದ್ರಿ. ಅವರ ಸೊಂಟ ಮುರಿದ ವರ್ಷ, ಅವರು ಏಳುವವರೆಗೆ ಅಂತ ಎಫಿ ಕೂತರು. ಪಾದ್ರಿ ಎದ್ದರು, ಎಫಿಯ ಓದು ಕೇಳಿದರು, ಮತ್ತೆ ಆ ಕೋಣೆಯ ಕಡೆ ತಲೆ ಹಾಕಲಿಲ್ಲ. ಚರ್ಚಿನ ಹಿಂಗೋಡೆಯಲ್ಲಿರುವ ಮಕ್ಕಳ ಪಾಠದ ಕಪಾಟೂ ಎಫಿಯದೇ ಜವಾಬ್ದಾರಿ. ಮಕ್ಕಳಿಗೆ ಗರಿಗಳ ಭಾನುವಾರದಿಂದ ಶಿಲುಬೆಯವರೆಗಿನ ಕತೆ ತೋರಿಸುವ ಬಟ್ಟೆಯ ಚಿತ್ರಗಳನ್ನು ಹಳೆಯ ಪರದೆ ಕತ್ತರಿಸಿ ಅವರೇ ಹೊಲಿದಿದ್ದಾರೆ. ಚಿತ್ರದ ಕತ್ತೆ ಕುದುರೆಯಂತೆ ಕಾಣುತ್ತದೆ ಎಂದು ಮಕ್ಕಳ ತಕರಾರು. “ಕತ್ತೆ ನೋಡಬೇಕು ಅಂದ್ರೆ ಕನ್ನಡಿ ನೋಡ್ಕೊಳ್ಳಿ ಅಂತೀನಿ” ಎಂದು ಎಫಿ ನಗುತ್ತಾರೆ.

ಕಡಲಿನ ಲಾಬ್‌ಸ್ಟರ್ ಹಿಡಿಯುವ ಬೋನುಗಳನ್ನು ದುರಸ್ತಿ ಮಾಡುವ ಹ್ಯೂಯಿ ಬೀಟನ್ ಶೆಡ್ಡಿನಲ್ಲಿ ಫೋನನ್ನು ಕಿವಿಗೂ ಹೆಗಲಿಗೂ ನಡುವೆ ಒತ್ತಿ ಹಿಡಿದು, ಬಲೆ ಹೆಣೆಯುತ್ತ ಇದನ್ನು ಕೇಳುತ್ತಾನೆ. “ನಾನೇನು ಭಕ್ತ ಅಲ್ಲಪ್ಪಾ. ಆದ್ರೆ ಆಯಮ್ಮ ಪ್ರಶ್ನೆ ಕೇಳಿ ಸುಮ್ಮನಾಗ್ತಾಳೆ ನೋಡು, ಆಗ ಸುಳ್ಳು ಹೇಳೋಕೆ ಬಾಯಿ ಬರಲ್ಲ” ಎನ್ನುತ್ತಾನೆ. ಇಷ್ಟು ಮಂದಿಗೆ ಬೇಕಾದ ಹೆಂಗಸಿನ ಬಗ್ಗೆ ಪತ್ರಿಕೆಯಲ್ಲಿ ಈವರೆಗೆ ಒಂದು ಸಾಲೂ ಬಂದಿಲ್ಲ. ನಾನೂ ಇದೇ ಊರಿನಲ್ಲಿದ್ದು, ಇದೇ ಪತ್ರಿಕೆಗೆ ಬರೆಯುತ್ತ, ಎತ್ತುಗಳ ಪ್ರದರ್ಶನಕ್ಕೂ ಸೇತುವೆಯ ಬಣ್ಣಕ್ಕೂ ಕಾಲಂ ತುಂಬಿಸಿದ್ದೇನೆ.

ಎಫಿ ಯಾರಿಗಾಗಿ ಓದುತ್ತಾರೆ? ಕೇಳಿದಾಗ ಮೊದಲು ಹೇಳಿದ್ದು ಎಲ್ಲರೂ ಹೇಳುವ ಉತ್ತರವೇ: ಕಾಲಿಲ್ಲದವರಿಗೆ, ಕಾರಿಲ್ಲದವರಿಗೆ. ಆಮೇಲೆ, “ತಪಸ್ಸುಕಾಲದಲ್ಲಿ ಸುಳ್ಳು ಯಾಕೆ ಹೇಳಲಿ? ಮೊರಾಗ್ ಕೇಳಲಿ ಅಂತ ಓದ್ತೀನಿ” ಎಂದರು.

ಮೊರಾಗ್ ಅಂದರೆ ಎಫಿಯ ಅಕ್ಕ. ಗುಡ್ಡದ ನೆತ್ತಿಯ ಹಳದಿ ಮನೆಯಲ್ಲಿ ಒಬ್ಬರೇ ಇದ್ದಾರೆ. ಮಂಡಿ ಹೋಗಿ ಮೂರು ಚಳಿಗಾಲದಿಂದ ಕೆಳಗಿಳಿದಿಲ್ಲ. ಅಕ್ಕತಂಗಿಯರು ಮಾತು ಬಿಟ್ಟು ಹನ್ನೊಂದು ವರ್ಷ. ಆಸ್ತಿಗಲ್ಲ, ಗಂಡಸರಿಗಲ್ಲ. ತಪಸ್ಸುಕಾಲದ ಒಂದು ವ್ರತಕ್ಕೆ.

ತಪಸ್ಸುಕಾಲ ಶುರುವಾಗುವ ಬೂದಿ ಬುಧವಾರದ ಹಿಂದಿನ ಸಂಜೆ ನಮ್ಮಲ್ಲಿ ಚರ್ಚಿನ ಹಾಲ್‌ನಲ್ಲಿ ಪ್ಯಾನ್‌ಕೇಕ್ ಎಂಬ ಸಿಹಿದೋಸೆಯ ಊಟ. ಬೆಣ್ಣೆ, ಮೊಟ್ಟೆ, ಸಕ್ಕರೆಪಾಕ ಎಲ್ಲ ಆ ರಾತ್ರಿ ಖಾಲಿಯಾಗಬೇಕು. ತಟ್ಟೆ ಖಾಲಿಯಾದ ಮೇಲೆ ಒಬ್ಬೊಬ್ಬರೂ ಎದ್ದು ನಿಂತು, ಈಸ್ಟರ್‌ವರೆಗೆ ತಾವು ಏನು ಬಿಡುತ್ತೇವೆ ಎಂದು ಹೇಳಬೇಕು. ಒಬ್ಬ ಸಿಗರೇಟು, ಒಬ್ಬಳು ಚಾಕೊಲೇಟು. ನಾನು ಪ್ರತಿವರ್ಷ ಟೀಗೆ ಸಕ್ಕರೆ ಬಿಡುತ್ತೇನೆ, ಗುರುವಾರದ ಹೊತ್ತಿಗೆ ಸಕ್ಕರೆಯೇ ಬಂದು ನನ್ನ ಕಾಲು ಹಿಡಿಯುತ್ತದೆ. ಹನ್ನೊಂದು ವರ್ಷದ ಹಿಂದೆ ಎಫಿಯ ಸರದಿ ಬಂದಾಗ ಯಾರೋ, “ನೀನೇನೇ ಬಿಡ್ತೀಯ?” ಎಂದು ಕೂಗಿದರು. ಎಫಿ ಎದ್ದು, “ಮೊರಾಗ್‌ಳನ್ನ!” ಎಂದರು. ಹಾಲ್‌ ಹಾಲೇ ಬಿದ್ದು ಬಿದ್ದು ನಕ್ಕಿತು. ಮೊರಾಗ್ ಕೂಡ ಮುಳ್ಳುಚಮಚ ಹಿಡಿದುಕೊಂಡೇ ನಕ್ಕರು. ಯಾಕೆಂದರೆ ಇವರಿಬ್ಬರ ಜಗಳ ಊರಿಗೇ ಗೊತ್ತಿತ್ತು. ಬೇಯಿಸಿದ ಹುರುಳಿಕಾಯಿ ಬೀಜಕ್ಕೆ ಕಪ್ಪು ಬೆಲ್ಲದ ಪಾಕದಂಥ ಕಾಕಂಬಿ ಎಷ್ಟು ಹಾಕಬೇಕು, ಅಪ್ಪ ಯಾವ ಕಿವಿಯಲ್ಲಿ ಕಿವುಡ, ಎಲ್ಲಕ್ಕೂ ಕಿತ್ತಾಟ. ಕಿತ್ತಾಡಿ, ಮತ್ತೆ ಅದೇ ಮೇಜಿನಲ್ಲಿ ಟೀ.

“ನಂಗೆ ಅದು ತಮಾಷೆ ಆಗಿರಲಿಲ್ಲ” ಎನ್ನುತ್ತಾರೆ ಎಫಿ. “ದಿನಾ ಅವಳ ಜೊತೆ ಕಚ್ಚಾಡಿ ಮಲಗೋವಾಗ ನಾಚಿಕೆ ಆಗೋದು. ಮಾತೇ ಆಡದಿದ್ರೆ ಕೆಟ್ಟ ಮಾತೂ ಬರಲ್ಲ, ಅಷ್ಟಾದ್ರೂ ದೇವರಿಗೆ ಕೊಡೋಣ ಅಂದ್ಕೊಂಡೆ. ಶ್ರದ್ಧೆಯಿಂದ ಮಾಡ್ದೆ. ಅದೇ ತಪ್ಪಾಯ್ತು.”

ತಪ್ಪಾದದ್ದು ಭಾನುವಾರಗಳಲ್ಲಿ. ಭಾನುವಾರ ಉಪವಾಸದ ಲೆಕ್ಕಕ್ಕಿಲ್ಲ ಎನ್ನುವುದು ಇಲ್ಲಿನ ಕೂಸಿಗೂ ಗೊತ್ತು. ಅದು ಪುಟ್ಟ ಈಸ್ಟರ್. ಸಿಗರೇಟು ಬಿಟ್ಟವನು ಪೂಜೆ ಮುಗಿಸಿ ಹೊರಬಂದವನೇ ಕಡ್ಡಿ ಗೀರುತ್ತಾನೆ, ಚಾಕೊಲೇಟು ಬಿಟ್ಟವಳ ಕೆನ್ನೆ ಉಬ್ಬಿರುತ್ತದೆ. ಮೊದಲ ಭಾನುವಾರ ಮೊರಾಗ್ ಓಟ್ಸ್ ರೊಟ್ಟಿ ಸುಟ್ಟು, ಎರಡು ಬಟ್ಟಲು ಇಟ್ಟುಕೊಂಡು ಕಾದರು. ಎಫಿ ಹೋಗಲಿಲ್ಲ. ದೇವರಿಗೆ ಕೊಟ್ಟ ಮಾತಿಗೆ ರಜೆ ಎಂಥದು ಎಂಬ ಹಠ. ಮುಂದಿನ ಭಾನುವಾರವೂ ಇಲ್ಲ, ಅದರ ಮುಂದಿನದೂ ಇಲ್ಲ. ಈಸ್ಟರ್ ದಿನ ಎಫಿ ಸಂಭ್ರಮದಿಂದ ಸೇಬಿನ ಪೈ ಹಿಡಿದು ಗುಡ್ಡ ಹತ್ತಿದರು. ಮೊರಾಗ್ ಬಾಗಿಲಲ್ಲೇ ನಿಂತು ಹೇಳಿದ್ದು ಇಷ್ಟು: “ಸಕ್ಕರೆಗೂ ಭಾನುವಾರ ರಜೆ ಕೊಟ್ರಿ. ನಾನು ಒಂದು ಚಮಚ ಸಕ್ಕರೆಗಿಂತ ಕಡೆಯಾದೆ.” ಬಾಗಿಲು ಮುಚ್ಚಿತು.

ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಇಲ್ಲಿ ಹೋದದ್ದು ಆಡದ ಮಾತಿನಿಂದ. ಆಗಿನಿಂದ ಎಫಿ ತಪಸ್ಸುಕಾಲದ ಪ್ರತಿ ಭಾನುವಾರ ಕಾಕಂಬಿ ಹಾಕಿದ ಕಂದು ಬ್ರೆಡ್ಡು ಮಾಡಿ, ಬಟ್ಟೆಯಲ್ಲಿ ಸುತ್ತಿ, ಗುಡ್ಡ ಹತ್ತಿ ಬಾಗಿಲು ಬಡಿಯುತ್ತಾರೆ. ತೆರೆಯುವುದಿಲ್ಲ. ಬ್ರೆಡ್ಡನ್ನು ಜಗಲಿಯ ಮೇಲಿಟ್ಟು ಇಳಿಯುತ್ತಾರೆ. ಮುಂದಿನ ವಾರ ಬ್ರೆಡ್ಡು ಇರುವುದಿಲ್ಲ, ಬಟ್ಟೆ ಇರುತ್ತದೆ.

“ಕಾಗೆ ತಿಂದಿರಬಹುದಲ್ಲ?” ಎಂದೆ ನಾನು.

“ಕಾಗೆ ಬಟ್ಟೆ ಒಗೆದು ಮಡಚಿಡುತ್ತೇನೋ, ಪೆದ್ದೇ?”

ಆ ಮಡಿಕೆಯೊಂದೇ ಎಫಿಯ ಆಧಾರ. ಫೋನಿನ ವಿಷಯದಲ್ಲಿ ಅಷ್ಟೂ ಇಲ್ಲ. ಯಂತ್ರ ಎಷ್ಟು ಕರೆ ಬಂತು ಎಂದು ಹೇಳುತ್ತದೆ, ಯಾರು ಮಾಡಿದರು ಎಂದು ಹೇಳುವುದಿಲ್ಲ. ಬೆಳಿಗ್ಗೆ ಕರೆ ಬಂದು ಯಂತ್ರದ ಕೆಂಪು ದೀಪ ಮೊದಲ ಸಲ ಮಿನುಗಿದಾಗ ಎಫಿಯ ಕೈಯ ಪೊರಕೆ ನಿಲ್ಲುವುದನ್ನು ನಾನೇ ನೋಡಿದ್ದೇನೆ. ಎಪ್ಪತ್ತು ಜನರ ಕಿವಿ ಗೆದ್ದವರು ಆ ಒಂದು ಕಿವಿಗಾಗಿ ಹೀಗೆ ಬಾಯಾರಿ ನಿಲ್ಲುವುದನ್ನು ನೋಡುವುದು ಸುಲಭವಲ್ಲ.

ಈ ವರ್ಷ ಕಾಯುವುದಕ್ಕೂ ಗಡುವು ಬಂದಿದೆ. ಈಸ್ಟರ್ ಮುಗಿದ ಮರುವಾರವೇ ಮೊರಾಗ್ ದೂರದ ಪಟ್ಟಣದ ಆರೈಕೆ ಮನೆಗೆ ಹೊರಡಲಿದ್ದಾರೆ. ಹಳದಿ ಮನೆಯ ಫೋನು ಕತ್ತರಿಸುತ್ತಾರೆ. ಅಲ್ಲಿಗೆ ನಡೆದುಹೋಗುವ ದಾರಿಯಿಲ್ಲ, ಬಡಿಯಲು ಬಾಗಿಲೂ ಇರುವುದಿಲ್ಲ. “ಅಲ್ಲಿ ಅವಳಿಗೆ ಟೀ ಹೇಗೆ ಬೇಕು ಅಂತ ಯಾರಿಗೆ ಗೊತ್ತು?” ಎಂದು ಕೇಳಿದ ಎಫಿ ಉತ್ತರಕ್ಕೆ ಕಾಯದೆ ಬಾಯ್ಲರ್ ನೋಡಲು ಎದ್ದು ಹೋದರು.

ಐದನೆಯ ಭಾನುವಾರ ನಾನೂ ಅವರ ಜೊತೆ ಗುಡ್ಡ ಹತ್ತುತ್ತೇನೆ. ಹಿಮ ಕರಗಿ ದಾರಿ ಕೆಸರಾಗಿದೆ. ಎಫಿ ಬ್ರೆಡ್ಡನ್ನು ಕೋಟಿನೊಳಗೆ ಬೆಚ್ಚಗೆ ಅವುಚಿಕೊಂಡಿದ್ದಾರೆ. ಜಗಲಿಯ ಕಂಬಿಯ ಮೇಲೆ ಹೋದ ವಾರದ ಬಟ್ಟೆ ಮಡಚಿದ ಹಾಗೇ ಇದೆ. ಎಫಿ ಬಡಿಯುತ್ತಾರೆ. ಕಾಯುತ್ತಾರೆ. ಬ್ರೆಡ್ಡು ಕೆಳಗಿಡಲು ಬಾಗುತ್ತಾರೆ.

ಆಗ ಒಳಗಿನ ಬಾಗಿಲು ಒಂದು ಗೇಣು ತೆರೆಯುತ್ತದೆ. ಹೊರಗಿನ ಗಾಜಿನ ಬಾಗಿಲು ಮುಚ್ಚಿದಂತೆಯೇ ಇದೆ. ಅದರ ಹಿಂದೆ ಊರುಗೋಲು ಹಿಡಿದ, ಎಫಿಯದೇ ಮೂಗಿನ ಒಂದು ಸಣಕಲು ಮುಖ.

“ಶುಕ್ರವಾರದ ಓದು ಓಡಿಸಿಬಿಟ್ಟೆ ನೀನು” ಎನ್ನುತ್ತಾರೆ ಮೊರಾಗ್.

ಎಫಿ ಬ್ರೆಡ್ಡು ಹಿಡಿದುಕೊಂಡೇ ನೆಟ್ಟಗಾಗುತ್ತಾರೆ.

“ಪೇತ್ರನದ್ದು ಕಣೇ. ತನ್ನ ಗುರು ಯಾರೋ ಗೊತ್ತೇ ಇಲ್ಲ ಅಂತ ಮೂರು ಸಲ ಹೇಳ್ತಾನಲ್ಲ, ಕೋಳಿ ಕೂಗಿದ ಮೇಲೆ ಆಚೆ ಹೋಗಿ ಅಳ್ತಾನಲ್ಲ. ಅಲ್ಲಿ ಬಸ್ಸು ತಪ್ಪಿಹೋಗೋ ಥರ ಓಡಿದೆ. ಅಳೋಕೆ ಅವನಿಗೆ ಸ್ವಲ್ಪ ಹೊತ್ತು ಕೊಡಬಾರದಾ?”

ಶುಕ್ರವಾರದ ಓದನ್ನು ನಾನೂ ಕೇಳಿದ್ದೆ. ಆ ಅವಸರ ನನಗೆ ಗೊತ್ತೇ ಆಗಿರಲಿಲ್ಲ.

“ಗಂಟಲು ಕಟ್ಟಿತ್ತು, ಮೊರಾಗ್” ಎನ್ನುತ್ತಾರೆ ಎಫಿ.

“ಕಟ್ಟಿದ್ರೆ ನಿಂತ್ಕೋ. ಓಡು ಅಂದೋರು ಯಾರು?” ಗಾಜಿನ ಬಾಗಿಲು ಬ್ರೆಡ್ಡು ಹಿಡಿಸುವಷ್ಟು ತೆರೆಯುತ್ತದೆ. ನೀಲಿ ನರಗಳ ಒಂದು ಕೈ ಹೊರಬಂದು ಗಂಟನ್ನು ತೆಗೆದುಕೊಳ್ಳುತ್ತದೆ, ತೂಗಿ ನೋಡುತ್ತದೆ. “ಕಾಕಂಬಿ ಈಗ್ಲೂ ಜಾಸ್ತೀನೇ ಹಾಕ್ತೀಯ.” ಬಾಗಿಲು ಮುಚ್ಚುತ್ತದೆ. ಚಿಲಕ ಬೀಳುವ ಸದ್ದು ಮಾತ್ರ ನನಗೆ ಕೇಳಿಸುವುದಿಲ್ಲ.

ಇಳಿಯುವಾಗ ಎಫಿ ನನ್ನ ತೋಳು ಹಿಡಿದುಕೊಂಡಿದ್ದಾರೆ. ಕಣ್ಣೀರು ಒರೆಸಿಕೊಳ್ಳುವ ಗೋಜಿಗೂ ಹೋಗಿಲ್ಲ. ಅರ್ಧ ದಾರಿಯಲ್ಲಿ ಇದ್ದಕ್ಕಿದ್ದಂತೆ ನಿಂತು, “ಬೈದ್ಲು, ಕೇಳಿಸ್ತಾ ನಿಂಗೆ? ಹನ್ನೊಂದು ವರ್ಷ ಆಯ್ತು ಅವಳ ಕೈಲಿ ಬೈಸ್ಕೊಂಡು!” ಎನ್ನುತ್ತಾರೆ.

ಈಸ್ಟರ್‌ಗೆ ಮುಂಚೆ ಇನ್ನುಳಿದಿರುವುದು ಗರಿಗಳ ಭಾನುವಾರ ಒಂದೇ. ಅದು ನನಗೂ ಗೊತ್ತು, ಅವರಿಗೂ ಗೊತ್ತು. ಕೆಸರಿನಲ್ಲಿ ಬೂಟು ಕಿತ್ತು ಹೆಜ್ಜೆಯಿಡುತ್ತ ಎಫಿ ದನಿ ತಗ್ಗಿಸಿ, ಗುಟ್ಟು ಕೇಳುವವರ ಹಾಗೆ ನನ್ನ ಕಡೆ ವಾಲುತ್ತಾರೆ.

“ಈ ವಾರ ಎಲ್ಲಾದ್ರೂ ಒಂದು ಕಡೆ ಬೇಕಂತ್ಲೇ ತಪ್ಪು ಓದ್ಲಾ?”