ಬುರುಡೆ ಬಿಟ್ಟ ಸಂಜೆ

ನಮ್ಮ ಹಾನಗಲ್ಲಿನಲ್ಲಿ ಧರ್ಮಾ ಹೊಳೆಯ ಪಾಲಾದವರು ಮನೆಯಲ್ಲಿ ನಳವಿಲ್ಲದವರು. ನಳವಿದ್ದವರು ಬಚ್ಚಲಲ್ಲಿ ಜಳಕ ಮಾಡಿದರು. ಇಲ್ಲದವರು ಮಳೆಗಾಲದ ಸೆಳವಿಗೆ ಇಳಿದರು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ನಾನು ಹೇಳಲಿರುವ ಸಂಗತಿ ವಿಚಿತ್ರವಾದದ್ದು. ಓದುಗರು ಆ ವಿಚಿತ್ರವನ್ನಷ್ಟೇ ನೆನಪಿಟ್ಟು ಇದನ್ನು ಮರೆತಾರೆಂಬ ಅಂಜಿಕೆ ನನಗಿದೆ.

ದೆವ್ವ, ಗಾಳಿ, ಶಕುನಗಳನ್ನು ನಾನು ನಂಬಿದವಳಲ್ಲ. ಶಾಲೆಯ ಮಕ್ಕಳಿಗೂ ನಂಬಬೇಡಿರೆಂದೇ ಕಲಿಸಿದವಳು. ಹೊಳೆಯ ಗಂಗವ್ವ ವರ್ಷಕ್ಕೊಂದು ಬಲಿ ಬೇಡುತ್ತಾಳೆ ಎಂಬ ಮಾತು ಕಿವಿಗೆ ಬಿದ್ದಾಗಲೆಲ್ಲ ಸಿಟ್ಟು ಬರುತ್ತಿತ್ತು. ಬೇಸಿಗೆಯಲ್ಲಿ ಸೇತುವೆಯ ಮೇಲ್ಗಡೆ, ಹೊಳೆ ಹರಿದು ಬರುವ ದಿಕ್ಕಿನಲ್ಲಿ, ಮರಳು ಬಗೆದು ಆಳು ಮುಳುಗುವ ಹೊಂಡ ಮಾಡಿದ ಗುತ್ತಿಗೆದಾರರಿದ್ದರು. ಕಂಡೂ ಸುಮ್ಮನಿದ್ದ ಅಧಿಕಾರಿಗಳಿದ್ದರು. ಹೊಳೆ ತುಂಬಿದರೆ ಹೊಂಡ ಕಾಣುತ್ತಿರಲಿಲ್ಲ. ಯಾರಾದರೂ ಸತ್ತರೆ ತಪ್ಪು ಗಂಗವ್ವನದಾಗುತ್ತಿತ್ತು.

ಎಂಬತ್ತರ ದಶಕದ ಮೊದಲ ವರ್ಷಗಳ ಮಾತು. ಕೆಳಗಿನ ಓಣಿಯ ಫಕೀರಪ್ಪ ಅಕ್ಕಿ ಗಿರಣಿಯಲ್ಲಿ ಹಮಾಲಿ ಮಾಡುತ್ತಿದ್ದ. ದಿನವಿಡೀ ಚೀಲ ಹೊತ್ತವನ ಮೈಗೆ ಭತ್ತದ ಧೂಳು ಮೆತ್ತಿ ಉರಿಯುತ್ತದೆ. ಕೊಡ ನೀರಿಗೆ ಅದು ಹೋಗುವುದಿಲ್ಲ, ಹೊಳೆಗೇ ಬೀಳಬೇಕು. ಅವನು ಒಳ್ಳೆಯ ಈಜುಗಾರ. ಹೊಳೆಯ ಮೆಟ್ಟಿಲ ಮೇಲೆ ಬಟ್ಟೆ ಕಳಚಿಟ್ಟು, ದಂಡೆ ಹಿಡಿದು ಸೇತುವೆಯ ಮೇಲ್ಗಡೆಗೆ ನಡೆದು, ಅಲ್ಲಿ ಧುಮುಕಿ, ಸೆಳವಿನೊಡನೆ ಓರೆಯಾಗಿ ಈಸುತ್ತ ಮತ್ತೆ ಮೆಟ್ಟಿಲಿಗೆ ಬರುವುದು ಅವನ ರೂಢಿ. ಆ ದಿನ ಬಟ್ಟೆಗಳಷ್ಟೇ ಉಳಿದವು.

ಸೆಳವು ಒಯ್ದಿರಬೇಕೆಂದು ಎಲ್ಲರೂ ಕೆಳಗಡೆಯೇ ಹುಡುಕಿದರು. ಕೆಲವು ದಿನ ಕಳೆದ ಮೇಲೆ ಅಧಿಕಾರಿಗಳು ದೇಹ ವರದಾ ನದಿ ಸೇರಿರಬೇಕೆಂದು ಹೇಳಿ ಹುಡುಕಾಟ ನಿಲ್ಲಿಸಿದರು. ‘ಸ್ವಂತ ಅಜಾಗರೂಕತೆಯಿಂದ ಪ್ರವಾಹದಲ್ಲಿ ಈಜಲು ಹೋಗಿ’ ಎಂದು ಬರೆದೂ ಬಿಟ್ಟರು. ಅವನ ಹೆಂಡತಿ ಕಲ್ಲವ್ವನಿಗೆ ಬೇಕಾಗಿದ್ದುದು ಒಂದೇ, ಮಣ್ಣು ಕೊಡಲು ಗಂಡನ ದೇಹ.

ಹುಡುಕಾಟ ನಿಲ್ಲಿಸಿದ ದಿನವೇ ಸಂಜೆ ಅವಳು ಕಂಕುಳಲ್ಲಿ ಒಣ ಸೋರೆಯ ಬುರುಡೆ ಹಿಡಿದು ಹೊಳೆಗೆ ಬಂದಳು.

“ಅಕ್ಕೋರ, ನೀವು ನಗತೀರಿ ಅಂತ ಗೊತ್ತೈತಿ,” ಎಂದಳು ದಂಡೆಯ ಮೇಲೆ ನಿಂತಿದ್ದ ನನಗೆ. “ಸಣ್ಣಾಂವ ಇದ್ದಾಗ ಇದನ್ನ ಬೆನ್ನಿಗೆ ಕಟಗೊಂಡು ಈಸು ಕಲತಾನ. ಈಸು ಕಲಿಸಿದ ಬುರುಡಿ ಮನಷ್ಯಾನ್ನ ಮರಿಯಂಗಿಲ್ಲ ಅಂತಾರ ನಮ್ಮ ಮಂದಿ. ಅದು ಎಲ್ಲಿ ನಿಂದರತೈತೋ ಅಲ್ಲೇ ಅದಾನ. ಬಿಟ್ಟು ನೋಡ್ತೇನಿ.”

ದಂಡೆಯ ಮೇಲಿದ್ದ ಅಧಿಕಾರಿ ನಕ್ಕರು. “ಏನವಾ, ಓಣ್ಯಾಗ ಬಿಟ್ಟಿದ್ದು ಸಾಲದಂತ ಹೊಳ್ಯಾಗೂ ಬುರುಡಿ ಬಿಡಾಕತ್ತಿಯೇನ? ಅಕ್ಕೋರ, ಕಲತವರು ನೀವರ ಹೇಳ್ರಿ.”

“ಬುರುಡಿ ಬಿಡವರು ಯಾರಂತ ಹೊಳೀನ ಹೇಳಲಿ ತಗೋರಿ, ಸಾಹೇಬ್ರ,” ಎಂದಳು ಕಲ್ಲವ್ವ.

ಮೆಟ್ಟಿಲಿಂದ ಬಿಟ್ಟ ಬುರುಡೆ ಒಂದಿಷ್ಟು ಕೆಳಕ್ಕೆ ಹೋಗಿ ನಿಂತಿತು. ಆಮೇಲೆ, ಕೆಂಪು ನೀರು ಕಸಕಡ್ಡಿಗಳನ್ನು ಕೆಳಕ್ಕೆ ಎಳೆದೊಯ್ಯುತ್ತಿದ್ದಂತೆಯೇ, ಅದರ ನಟ್ಟನಡುವೆ ಬುರುಡೆ ಮೇಲಕ್ಕೆ ಬಂತು. ಅವಸರವಿರಲಿಲ್ಲ, ಪಳಗಿದ ಈಜುಗಾರ ದಣಿಯದಂತೆ ಕೈ ಹಾಕುವ ಹದದಲ್ಲಿ ಬಂತು. ನಮ್ಮನ್ನು ದಾಟಿ, ಸೇತುವೆಯ ಕೆಳಗೆ ಹಾದು, ಮೇಲ್ಗಡೆ ಒಂದು ಕಡೆ ನಿಂತು ತಿರುಗತೊಡಗಿತು. ಇನ್ನೂ ಸಾಕಷ್ಟು ಬೆಳಕಿತ್ತು. ದಂಡೆಯ ಮೇಲಿದ್ದವರೆಲ್ಲ ನೋಡಿದರು. ನಕ್ಕವರೂ ನೋಡಿದರು.

ಓಣಿಯ ಗಂಡಸರು ಸೊಂಟಕ್ಕೆ ಹಗ್ಗ ಬಿಗಿದು ಅಲ್ಲಿಗೆ ಇಳಿದರು. ಫಕೀರಪ್ಪ ಅಲ್ಲೇ ಇದ್ದ. ಹೊಂಡದ ಅಂಚು ಕುಸಿದು ಮರಳು ಅವನ ಕಾಲುಗಳನ್ನು ಹೂತುಕೊಂಡಿತ್ತು. ಹೊಳೆ ಅವನನ್ನು ಎಲ್ಲಿಗೂ ಒಯ್ದಿರಲಿಲ್ಲ. ಕಲ್ಲವ್ವ ಅಳಲಿಲ್ಲ, ಅವರು ತಂದುಕೊಟ್ಟ ಬುರುಡೆಯನ್ನು ಸೆರಗಿನಿಂದ ಒರೆಸಿ ಮತ್ತೆ ಕಂಕುಳಲ್ಲಿಟ್ಟುಕೊಂಡಳು.

ಸೇತುವೆಯ ಕಂಬಗಳ ಬಳಿ ಹಿಮ್ಮುಖ ಸುಳಿ ಇದ್ದಿರಬೇಕೆಂದು ನನಗೆ ನಾನೇ ಹೇಳಿಕೊಂಡೆ. ಮುಂದಿನ ಮಳೆಗಾಲಗಳಲ್ಲಿ, ಹೊಳೆ ಅಷ್ಟೇ ತುಂಬಿದ್ದಾಗ, ಅದೇ ಮೆಟ್ಟಿಲಿಂದ ಬೇರೆ ಬುರುಡೆಗಳನ್ನು ಬಿಟ್ಟೆ, ತೆಂಗಿನಕಾಯಿ ಬಿಟ್ಟೆ. ಎಲ್ಲವೂ ನೆಟ್ಟಗೆ ಕೆಳಕ್ಕೆ ಹೋದವು. ಕಲ್ಲವ್ವನ ಬುರುಡೆಯನ್ನು ಕೇಳಲು ಮಾತ್ರ ನನಗೆ ಬಾಯಿ ಬರಲಿಲ್ಲ. ನಾನು ಇಂದಿಗೂ ದೆವ್ವವನ್ನು ನಂಬುವುದಿಲ್ಲ; ಆ ಸಂಜೆ ಕಂಡದ್ದನ್ನು ಇಂದಿಗೂ ವಿವರಿಸಲಾರೆ.

ಆದರೆ ಹೊಂಡಕ್ಕೆ ವಿವರಣೆ ಬೇಕಿಲ್ಲ. ಈ ಬೇಸಿಗೆಯಲ್ಲೂ ಅಲ್ಲಿ ಮರಳು ಬಗೆಯುತ್ತಿದ್ದಾರೆ. ‘ಇಲ್ಲಿ ಈಜಬಾರದು’ ಎಂಬ ಫಲಕ ಬಂದಿದೆ. ಕೆಳಗಿನ ಓಣಿಗೆ ನಳ ಬಂದಿಲ್ಲ. ಆದ್ದರಿಂದ ಹೊಣೆ ಹೊತ್ತ ಅಧಿಕಾರಿಗಳೇ, ಮಿರಗದ ಮಳೆ ಹಿಡಿಯುವ ಮುಂಚೆ ಆ ಹೊಂಡ ತುಂಬಿಸಿರಿ, ಓಣಿಗೆ ನಳ ಹಾಕಿಸಿರಿ. ಫಕೀರಪ್ಪನ ಸಾವಿನ ಕಾಗದದಲ್ಲಿ ನೀವು ಬರೆದ ‘ಸ್ವಂತ ಅಜಾಗರೂಕತೆ’ ಎಂಬುದನ್ನು ಹೊಡೆದುಹಾಕಿರಿ. ಸತ್ತದ್ದು ಮರಳಿನ ಹೊಂಡದಲ್ಲಿ ಎಂದು ಬರೆದು, ಆ ಕಾಗದವನ್ನು ಕಲ್ಲವ್ವನ ಮನೆಗೆ ನೀವೇ ಹೋಗಿ ಕೊಟ್ಟು ಬನ್ನಿರಿ.